ಸಂಜೆಯೊಳಗೆ ವಾಪಸ್ಸು

“ಹಾಗಾದ್ರೆ ಬರುವಾಗ ಬಿಸಿಲು ಬೆನ್ನಿಗಿರುತ್ತೆ,” ಎಂದು ಅವನು ಭೂಪಟದಿಂದ ತಲೆಯೆತ್ತದೆ ಹೇಳಿದ. “ಕಣ್ಣಿಗೆ ಹೊಡೆಯಲ್ಲ.”

“ಹೋಗುವಾಗ?”

“ಹೋಗುವಾಗ್ಲೂ ಬೆನ್ನಿಗೇ. ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸ್ಸಾಗೋರಿಗೆ ಈ ದಾರೀಲಿ ಸೂರ್ಯನ ಕಾಟವೇ ಇಲ್ಲ.”

“ಒಳ್ಳೇ ಸೂರ್ಯ,” ಎಂದಳು ಹೆಂಡತಿ. ಲೋಟ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅವನು ಗಮನಿಸಿದ. ನಿನ್ನೆಯಿಂದಲೂ ಗಮನಿಸುತ್ತಲೇ ಇದ್ದ. ಹೋಗುವುದರ ಬಗ್ಗೆ ಏನು ಕೇಳಿದರೂ ಉತ್ತರ ಸಿಗುತ್ತಿತ್ತು. ಬರುವುದರ ಮಾತೆತ್ತಿದರೆ ಸಾಕು, ಅವಳಿಗೆ ಒಲೆಯ ಮೇಲಿಟ್ಟದ್ದು ನೆನಪಾಗುತ್ತಿತ್ತು. ಹೀಗೆ ಅಡ್ಡಗೋಡೆಯ ಮೇಲೆ ದೀಪವಿಡುವುದನ್ನು ಇವಳು ಎಲ್ಲಿ ಕಲಿತಳು ಎಂದುಕೊಂಡ. ಈ ಮನೆಯಲ್ಲಿ ಆ ವಿದ್ಯೆ ಬಲ್ಲವನು ತಾನೊಬ್ಬನೇ ಎಂದು ಹೊಳೆದು ಮತ್ತೆ ಭೂಪಟಕ್ಕೆ ಬಗ್ಗಿದ.

ಎರಡು ಊರುಗಳ ನಡುವೆ ಭೂಪಟದಲ್ಲಿ ಒಂದು ಗೇಣು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ಊರು. ಅವಳು ಕೆಲಸ ಮಾಡಬೇಕಾದ ಜಾಗ ನೋಡುವುದು, ಅವಳ ತಂಗಿಯ ಮನೆಯಲ್ಲಿ ಊಟ, ಊಟವಾದ ತಕ್ಷಣ ಹೊರಡುವುದು. ಇಷ್ಟಕ್ಕೆ ಅವನು ನಿನ್ನೆಯೇ ಪೆಟ್ರೋಲ್ ತುಂಬಿಸಿದ್ದ, ಟೈರಿಗೆ ಗಾಳಿ ಹಾಕಿಸಿದ್ದ, ದಾರಿಯಲ್ಲಿ ಸಂತೆ ಕೂಡುವ ಊರು ಯಾವುದು, ಶಾಲೆ ಬಿಡುವ ಹೊತ್ತಿಗೆ ಯಾವ ಅಡ್ಡರಸ್ತೆ ತುಂಬುತ್ತದೆ, ಉದ್ದದ ಸೇತುವೆಯ ಮೇಲೆ ಗಾಳಿ ಯಾವಾಗ ಜೋರು, ಎಲ್ಲ ವಿಚಾರಿಸಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ಅವನದು.

ಅವಳು ಕೃತಕ ಹಲ್ಲು ಮಾಡುವವಳು. ವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಅವಳು ಮೇಣದಲ್ಲಿ ಹಲ್ಲು ಕೆತ್ತಿ, ಎರಕ ಹೊಯ್ದು, ಉಜ್ಜಿ, ಬಣ್ಣ ಕೂಡಿಸಿ ಹಿಂದಕ್ಕೆ ಕಳಿಸುತ್ತಾಳೆ. ಆ ಊರಿನ ದೊಡ್ಡ ದಂತಾಲಯವೊಂದು ಅವಳನ್ನು ಕರೆದಿತ್ತು. ಬಂದು ಜಾಗ ನೋಡಿ, ಹಿಡಿಸಿದರೆ ಸೋಮವಾರದಿಂದಲೇ ಕೂತುಕೊಳ್ಳಿ, ಎಂದಿತ್ತು. ತಂಗಿಯ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಬರೀ ನೋಡಲಿಕ್ಕೆ ಹೋಗುವುದು ಎಂದು ಮನೆಯಲ್ಲಿ ಇಬ್ಬರೂ ಹೇಳುತ್ತಿದ್ದರು. ಅವಳ ಸಲಕರಣೆಯ ಪೆಟ್ಟಿಗೆ ಮಾತ್ರ ಬೆಳಗಿನಿಂದಲೇ ಬಾಗಿಲ ಪಕ್ಕ ತಯಾರಾಗಿ ಕೂತಿತ್ತು.

“ನೋಡೋಕೆ ಹೋಗೋರಿಗೆ ಪೆಟ್ಟಿಗೆ ಯಾಕೆ?” ಎಂದು ಅವನು ಹಗುರವಾಗಿ ಕೇಳಿದ.

“ಕೈಗೆ ಒಗ್ಗಿರೋದು ಅದೇ ಅಲ್ವಾ.”

“ಹೌದು, ಹೌದು.”

ಅವರಿಬ್ಬರ ನಡುವೆ ಜಗಳವಿರಲಿಲ್ಲ. ಅದನ್ನು ಅವನು ಕಚೇರಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ನಲ್ಲಿ ಸೋರುತ್ತಿದೆ, ಹಾಲು ಮುಗಿದಿದೆ, ಮೇಲಿನ ಮನೆಯವರು ಕುರ್ಚಿ ಎಳೆಯುತ್ತಾರೆ. ಇಂಥ ಮಾತುಗಳಲ್ಲಿ ವರ್ಷಗಳು ನೀಟಾಗಿ ಕಳೆದಿದ್ದವು. ಇವಳು ಹೋದರೆ ಈ ಮನೆಯಲ್ಲಿ ನಲ್ಲಿ ಸೋರುತ್ತಿದೆ ಎಂದು ಯಾರಿಗೆ ಹೇಳುವುದು ಎಂಬ ಯೋಚನೆ ಬಂತು. ಭಯ ಎಂದರೆ ಇದೇ ಇರಬೇಕು ಎಂದುಕೊಂಡ.

ಫೋನು ರಿಂಗಾಯಿತು. ನಾದಿನಿ.

“ಭಾವ, ಹೊರಟ್ರಾ ಇಲ್ವಾ?”

“ಒಂದ್ಸಲ ದಾರಿ ನೋಡ್ಕೋತಾ ಇದ್ದೆ.”

“ಅಯ್ಯೋ, ಚಂದ್ರನ ಮೇಲೆ ಹೋದೋರೂ ಇಷ್ಟು ಯೋಚನೆ ಮಾಡಿರಲ್ಲ ಭಾವ! ಕಾರು ಹತ್ತಿ, ಮೂಗಿನ ನೇರಕ್ಕೆ ಬನ್ನಿ. ಊರು ಎಲ್ಲೂ ಓಡಿಹೋಗಲ್ಲ.”

“ಊಟ ಆದ ತಕ್ಷಣ ನಾವು ಹೊರಡ್ತೀವಿ. ಕತ್ತಲಾಗೋ ಮುಂಚೆ ಮನೆ ಸೇರಬೇಕು.”

“ನಾವು ಅಂದ್ರೆ?”

“ನಾವು ಅಂದ್ರೆ ನಾವು.”

ಆ ಕಡೆ ನಗು ನಿಂತಿತು. “ಅಕ್ಕನಿಗೆ ಕೊಡಿ ಫೋನು,” ಎಂದಳು.

ಅಕ್ಕ ಫೋನು ಹಿಡಿದು ಬಾಲ್ಕನಿಗೆ ಹೋದಳು. ಗಾಜಿನ ಬಾಗಿಲ ಆಚೆ ಅವಳ ತುಟಿ ಆಡುವುದು ಕಾಣುತ್ತಿತ್ತು. ಅವನು ಭೂಪಟವನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಚಿದ.

*

ಊರು ದಾಟಿದ ಮೇಲೆ ಹೆದ್ದಾರಿ ಬಿಚ್ಚಿಕೊಂಡಿತು. ಈ ಗಳಿಗೆ ಅವನಿಗೆ ಯಾವಾಗಲೂ ಇಷ್ಟ. ಕೊನೆಯ ಗೋದಾಮು, ಕೊನೆಯ ಟೈರು ಅಂಗಡಿ ಹಿಂದಾಗುತ್ತವೆ. ಮುಂದೆ ಬೋಳು ಬಯಲು, ಅದರ ನಡುವೆ ಕಣ್ಣು ಹೋಗುವಷ್ಟು ದೂರ ಕಪ್ಪಗೆ ಹೊಳೆಯುವ ದಾರಿ. ಯಾರೋ ಇದನ್ನು ಮಾಡಿದರಲ್ಲ, ಗುಡ್ಡ ಕಡಿದು, ಹಳ್ಳ ತುಂಬಿ, ಇಷ್ಟು ನುಣ್ಣಗೆ ಮಾಡಿದರಲ್ಲ ಎಂದು ಪ್ರತಿ ಸಲ ಬೆರಗಾಗುತ್ತಿದ್ದ. ಅವನೂ ಹೆದ್ದಾರಿ ಕಚೇರಿಯ ಇಂಜಿನಿಯರ್ರೇ. ಆದರೆ ದಾರಿ ಮಾಡಿದವನಲ್ಲ. ಮಾಮೂಲು ಲಾರಿಗೆ ಹಿಡಿಸದ ಸರಕುಗಳು, ಅಂದರೆ ಬಾಯ್ಲರು, ಸೇತುವೆಯ ತೊಲೆ, ಕಾರ್ಖಾನೆಯ ಚಿಮಣಿ ಇಂಥವು, ಯಾವ ಸೇತುವೆ ತಪ್ಪಿಸಿ, ಯಾವ ತಂತಿಯ ಕೆಳಗೆ ನುಸುಳಿ, ಯಾವ ತಿರುವಿನಲ್ಲಿ ಹೋಗಬೇಕು ಎಂದು ಮೇಜಿನ ಮೇಲೆ ಗೊತ್ತುಮಾಡಿ ಒಪ್ಪಿಗೆ ಕೊಡುವುದು ಅವನ ಕೆಲಸ.

ಹೆಂಡತಿ ಕಿಟಕಿ ಇಳಿಸಿ ಸೇಬು ಕಚ್ಚಿದಳು. ಆ ಸದ್ದು ಕಾರಿನೊಳಗೆ ಜೋರಾಗಿ ಕೇಳಿಸಿತು.

“ಅಲ್ಲಿ ಕೆಲಸ ಬೇರೆ ಥರಾನಾ?” ಎಂದು ಕೇಳಿದ.

“ಕೆಲಸ ಅದೇ. ಆದ್ರೆ ಅಲ್ಲಿ ಬಾಯಿಯವರೇ ಬರ್ತಾರಂತೆ.”

“ಅಂದ್ರೆ?”

“ಇಲ್ಲಿ ಇಷ್ಟು ವರ್ಷ ಅಚ್ಚು ನೋಡ್ಕೊಂಡು ಮಾಡಿದೀನಿ. ಯಾರ ಬಾಯಿಗೆ ಹೋಯ್ತು, ಅವರು ಏನು ತಿಂದ್ರು, ನಕ್ಕರೋ ಇಲ್ವೋ ಒಂದೂ ಗೊತ್ತಿಲ್ಲ. ಅಲ್ಲಿ ಎದುರಿಗೆ ಕೂತು ಹಾಕಿ ನೋಡ್ಬಹುದಂತೆ. ಕನ್ನಡಿ ಹಿಡಿದು ತೋರಿಸ್ಬಹುದಂತೆ.” ಅವಳು ಸೇಬನ್ನು ಮತ್ತೊಮ್ಮೆ ಕಚ್ಚಿದಳು. “ಮುದುಕರು ಮೊದಲು ನಾಲಿಗೆ ಆಡಿಸಿ ನೋಡ್ತಾರಂತೆ ರೀ, ಹೊಸ ಮನೆ ಹೊಕ್ಕ ಹಾಗೆ.”

ಅವನಿಗೆ ಏನೋ ಹೇಳಬೇಕೆನಿಸಿತು. ಒಂದು ಸಂಜೆ ಇವಳು ಅಡುಗೆಮನೆಯ ಮೇಜಿನ ಮೇಲೆ ಒಂದು ಮುಂಬಲ್ಲನ್ನು ಕೆತ್ತುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿದ್ದ. ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಮೇಣ ಹೆರೆದು, ದೀಪಕ್ಕೆ ಹಿಡಿದು, ಮತ್ತೆ ಹೆರೆದಳು. ಎಲ್ಲೋ ಯಾರೋ ಇದರಿಂದ ರೊಟ್ಟಿ ಕಡಿಯುತ್ತಾರೆ ಎಂದು ಅವನಿಗೆ ಮೈ ಜುಮ್ಮೆಂದಿತ್ತು. ಅದನ್ನು ಅವಳಿಗೆ ಹೇಳಿರಲಿಲ್ಲ. ಈಗ ಹೇಳಿದರೆ ಕೈ ಹಿಡಿದು ಎಳೆದ ಹಾಗಾಗುತ್ತದೆ ಎನಿಸಿತು.

“ಫ್ಲಾಸ್ಕಿನಲ್ಲಿ ಟೀ ಇದೆ,” ಎಂದ.

“ಈಗ ಬೇಡ.”

“ಸೇತುವೆ ದಾಟಿದ ಮೇಲೆ ಕುಡಿಯೋಣ ಅಂತ ಇಟ್ಕೊಂಡಿದ್ದೆ.”

“ಆಗಲಿ, ಸೇತುವೆ ದಾಟಿದ ಮೇಲೆ.”

ಸೇತುವೆ ದಾಟಿದರು. ಗಾಳಿ ಅವನು ವಿಚಾರಿಸಿದಷ್ಟೇ ಇತ್ತು. ಟೀ ಕುಡಿದರು. ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿದೆ ಎಂದು ಅವನ ಎದೆ ಕೊಂಚ ಹಗುರಾಯಿತು. ಹೋಗುವುದು ಇಷ್ಟು ಸರಾಗವಾದರೆ ಬರುವುದೂ ಸರಾಗವೇ ಎಂದು ಒಂದು ಹುಚ್ಚು ಧೈರ್ಯ ಬಂತು.

ಆಮೇಲೆ ಮುಂದಿನ ವಾಹನಗಳ ಕೆಂಪು ದೀಪಗಳು ಹತ್ತಿಕೊಂಡವು.

*

ಮೊದಲು ಅದೊಂದು ಗೋಡೆ ಎಂದುಕೊಂಡ. ಬೆಳ್ಳಗೆ, ಹೆದ್ದಾರಿಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿನವರೆಗೆ. ಹೆದ್ದಾರಿಯ ನಡುವೆ ಯಾರು ಗೋಡೆ ಕಟ್ಟುತ್ತಾರೆ? ಜನ ಕಾರುಗಳನ್ನು ನಿಲ್ಲಿಸಿ, ಬಾಗಿಲು ತೆಗೆದಿಟ್ಟೇ, ಅದರ ಕಡೆ ನಡೆಯುತ್ತಿದ್ದರು. ಯಾರೂ ಹಾರ್ನ್ ಒತ್ತುತ್ತಿರಲಿಲ್ಲ. ಅದೇ ವಿಚಿತ್ರವಾಗಿತ್ತು.

ಅವನು ಕನ್ನಡಿ ನೋಡಿದ. ಹಿಂದೆ ಆಗಲೇ ಬಸ್ಸು, ಅದರ ಹಿಂದೆ ಸಾಲು. ತಿರುಗಿಸಿಕೊಳ್ಳುವಂತಿಲ್ಲ.

“ಇಳಿಯೋಣ ಬಾ,” ಎಂದು ಅವನು ಹೇಳುವಷ್ಟರಲ್ಲಿ ಅವಳು ಇಳಿದಾಗಿತ್ತು.

ಹತ್ತಿರ ಹೋದಂತೆ ಗೋಡೆ ಬಾಗಿತು, ಉಬ್ಬಿತು, ಒಂದು ಕಡೆ ಸಪೂರವಾಯಿತು. ಗಾಳಿಯಂತ್ರದ ರೆಕ್ಕೆ. ಗುಡ್ಡದ ಮೇಲೆ ದೂರದಿಂದ ಕಡ್ಡಿಯ ಹಾಗೆ ತಿರುಗುವ ಆ ಮೂರರಲ್ಲಿ ಒಂದು. ನೆಲಕ್ಕೆ ಬಂದಾಗ ಅದಕ್ಕೆ ಕೊನೆಯೇ ಇರಲಿಲ್ಲ. ದಪ್ಪ ಬುಡ ಮುಂದೆ ಗುಡ್ಡದ ರಸ್ತೆಯ ಬಾಯಲ್ಲಿತ್ತು. ಅಲ್ಲಿ ಅದನ್ನು ಹೊತ್ತ ಲಾರಿ ಆಟಿಕೆಯ ಹಾಗೆ ಕಾಣುತ್ತಿತ್ತು. ಅಲ್ಲಿಂದ ರೆಕ್ಕೆ, ಕೆಳಗಿನ ಅಂಚು ಜನರ ಎದೆಯ ಎತ್ತರದಲ್ಲಿ, ಮೇಲಿನ ಅಂಚು ತಲೆಗಳಿಗಿಂತ ಮೇಲಕ್ಕೆ ಎದ್ದು, ಎರಡೂ ದಿಕ್ಕಿನ ದಾರಿಗಳ ಮೇಲೆ ಹಾಯ್ದು, ತುದಿ ಹೋಗಿ ಊರುಗಳ ದೂರ ಬರೆದ ಫಲಕದ ಕಂಬಕ್ಕೆ ಸಿಕ್ಕಿಕೊಂಡಿತ್ತು. ಎಲ್ಲೂ ಒಂದು ಬೆಸುಗೆಯಿಲ್ಲ, ಮೊಳೆಯಿಲ್ಲ, ಅಕ್ಷರವಿಲ್ಲ. ಅಷ್ಟು ಬಿಳಿಯನ್ನು ಅವನು ಒಟ್ಟಿಗೆ ನೋಡಿರಲಿಲ್ಲ.

“ಅಬ್ಬಬ್ಬಾ,” ಎಂದಳು ಹೆಂಡತಿ. ಕೈ ಬಾಯಿಗೆ ಹೋಗಿತ್ತು. ಒಬ್ಬ ಬಸ್ ಕಂಡಕ್ಟರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಮಗು ಎತ್ತಿಕೊಂಡ ಹೆಂಗಸೊಬ್ಬಳು ಪಿಸುಮಾತಿನಲ್ಲಿ, “ನೋಡು ಪುಟ್ಟಾ, ನೋಡು,” ಎನ್ನುತ್ತಿದ್ದಳು. ಏನು ನೋಡಬೇಕೆಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಕೊರಳಿಗೆ ಗುಂಡಿಗಳ ಪೆಟ್ಟಿಗೆ ನೇತುಹಾಕಿಕೊಂಡ ಒಬ್ಬ ಆಳು ರೆಕ್ಕೆಯ ಕೆಳಗೆ ಬೀಡಿ ಸೇದುತ್ತ ಕುಕ್ಕರಗಾಲಲ್ಲಿ ಕೂತಿದ್ದ. ಲಾರಿಯ ಜೊತೆ ನಡೆಯುತ್ತಲೇ ಆ ಗುಂಡಿಗಳನ್ನೊತ್ತಿ ಅದರ ಹಿಂದಿನ ಚಕ್ರಗಳನ್ನು ತಿರುಗಿಸುವ ಕೆಲಸ ಅವನದು.

“ಯಾವಾಗ ಸರಿಯುತ್ತಪ್ಪಾ ಇದು?”

“ಕ್ರೇನ್ ಬಂದ್ಮೇಲೆ, ಸಾರ್.”

“ಕ್ರೇನ್ ಯಾವಾಗ ಬರುತ್ತೆ?”

“ಇದು ಸರಿದ್ಮೇಲೆ.” ಆ ಆಳು ಎರಡೂ ಕಡೆಯ ವಾಹನಗಳ ಸಾಲು ತೋರಿಸಿ ಗಹಗಹಿಸಿ ನಕ್ಕ. “ಈ ತಿರುವಲ್ಲಿ ಹೋಗು ಅಂತ ಅಪ್ಪಣೆ ಕೊಟ್ಟ ಪುಣ್ಯಾತ್ಮ ಎಲ್ಲಿದ್ದಾನೋ, ಹೊಟ್ಟೆ ತಣ್ಣಗಿರಲಿ!”

ಪುಣ್ಯಾತ್ಮ ಅಲ್ಲೇ ನಿಂತಿದ್ದ. ಅವನಿಗೆ ಗುಡ್ಡದ ರಸ್ತೆಯ ಬಾಯಿ ಕಂಡಾಗಲೇ ಗೊತ್ತಾಗಿತ್ತು.

ಅವನ ಕಚೇರಿಯಲ್ಲಿ ತಿರುವುಗಳನ್ನು ಪರೀಕ್ಷಿಸುವ ಒಂದು ಪದ್ಧತಿಯಿದೆ. ಪಾರದರ್ಶಕ ಹಾಳೆಯಲ್ಲಿ ಲಾರಿಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ರಸ್ತೆಯ ನಕ್ಷೆಯ ಮೇಲಿಟ್ಟು, ಹೆಬ್ಬೆರಳಿನಿಂದ ತಳ್ಳುತ್ತ ಹೋಗುವುದು. ಅಂಚು ದಾಟದಿದ್ದರೆ ಸರಿ. ರೆಕ್ಕೆ ಹೊತ್ತ ಲಾರಿಯನ್ನು ಅವನೇ ಕತ್ತರಿಸಿದ್ದ; ಅದರ ಉದ್ದದ ಬಾಲ ಮೇಜಿನ ಡ್ರಾಯರಿನಲ್ಲಿ ಹಿಡಿಸದೆ ಪ್ರತಿ ಸಲ ಅಂಚಿಗೆ ಸಿಕ್ಕುತ್ತಿತ್ತು. ಒಂದು ದಿನ ರೇಗಿ ತುದಿಯನ್ನು ಕತ್ತರಿಯಿಂದ ಚಕ್ ಎಂದು ಕತ್ತರಿಸಿದ. ಚಕ್ರಗಳಿಗೂ ಬಾಲಕ್ಕೂ ಏನು ಸಂಬಂಧ, ಅದು ಗಾಳಿಯಲ್ಲಿ ತಾನೇ ಇರುವುದು ಎಂದುಕೊಂಡಿದ್ದ. ಆಮೇಲೆ ಡ್ರಾಯರು ಸಲೀಸಾಗಿ ಮುಚ್ಚಿತು. ಈ ತಿರುವಿನಲ್ಲಿ ಆ ಹಾಳೆ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತ್ತು, ಅವನು ಸಹಿ ಹಾಕಿದ್ದ, ಈ ವಾರ ಹಗಲು ಹೊತ್ತಿನಲ್ಲಿ ಹೋಗಬಹುದು ಎಂದಿದ್ದ. ಸಹಿಯ ಜೊತೆಗೆ ಅದು ಅವನ ತಲೆಯಿಂದ ಹೋಗಿತ್ತು. ಇವತ್ತಿನ ದಾರಿಗೆ ಸಂತೆಯನ್ನೂ ಶಾಲೆಯನ್ನೂ ಸೂರ್ಯನನ್ನೂ ಲೆಕ್ಕಕ್ಕೆ ತೆಗೆದುಕೊಂಡವನಿಗೆ ತಾನೇ ಕಳಿಸಿದ ಈ ರಾಕ್ಷಸ ನೆನಪಾಗಿರಲಿಲ್ಲ.

ನಾಚಿಕೆಯಾಗಬೇಕಿತ್ತು. ನೌಕರಿಯ ಭಯವಾದರೂ ಆಗಬೇಕಿತ್ತು. ಆದರೆ ಅವನೊಳಗೆ ತುಂಬಿ ಬಂದದ್ದು ಬರೀ ಬೆರಗು. ಇಷ್ಟು ದೊಡ್ಡದೇ? ಇಷ್ಟು ವರ್ಷ ತನ್ನ ಹೆಬ್ಬೆರಳಿನ ಕೆಳಗೆ ಜಾರಿ ಹೋದದ್ದು ಇದೇ? ಕಣ್ಣಲ್ಲಿ ನೀರು ಬಂತು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೀತು ಎನಿಸಿತು. ಹೇಳಲು ಪಕ್ಕದಲ್ಲಿ ಇವಳಿದ್ದಳು.

“ಇದನ್ನ ಕಳಿಸಿದ್ದು ನಾನೇ,” ಎಂದ.

ಅವಳು ತಿರುಗಿ ನೋಡಿದಳು. “ನೀವಾ?”

“ನಂದೇ ಸಹಿ. ಎಷ್ಟು ಚೆನ್ನಾಗಿದೆ ನೋಡು!”

“ಮುಂಚೆ ನೋಡಿರಲಿಲ್ವಾ?”

“ಇಲ್ಲ.”

“ಒಂದನ್ನೂ?”

“ನಕ್ಷೆಯಲ್ಲೇ ಎಲ್ಲ ಗೊತ್ತಾಗುತ್ತೆ. ಹೋಗಿ ನೋಡೋ ಪದ್ಧತಿ ಇಲ್ಲ.”

ಅವಳು ನಗಲಿಲ್ಲ, ಬೈಯಲೂ ಇಲ್ಲ. ಅವನ ಅಂಗಿಯ ತೋಳಿನ ಮೇಲೆ ಕೂತಿದ್ದ ಏನೋ ಕಸವನ್ನು ಎರಡು ಬೆರಳಿನಲ್ಲಿ ತೆಗೆದು ಹಾಕಿದಳು. ಬಹಳ ದಿನಗಳ ಮೇಲೆ ಅವಳು ಅವನನ್ನು ಮುಟ್ಟಿದ್ದಳು. ಆಮೇಲೆ ಫೋನು ತೆಗೆದು ತಂಗಿಯ ಜೊತೆ ಮಾತಾಡಿದಳು.

“ಊರು ಇನ್ನು ಹತ್ತಿರಾನೇ ಅಂತೆ. ಅವಳು ಆ ಕಡೆಯಿಂದ ಸ್ಕೂಟರಲ್ಲಿ ಬರ್ತಾಳಂತೆ,” ಎಂದಳು. “ಸಾಲಿನ ಪಕ್ಕ ನುಸುಳ್ಕೊಂಡು ಬಂದ್ಬಿಡ್ತಾಳೆ. ಇದರ ಕೆಳಗೆ ಬಗ್ಗಿ ದಾಟಿದ್ರೆ ಆಯ್ತು.”

“ಮತ್ತೆ ಕಾರು?”

“ಕಾರು ಇಲ್ಲೇ ಇರಲಿ. ನೀವೂ ಬನ್ನಿ.”

“ಕಾರು ಬಿಟ್ಟು?”

“ಬೀಗ ಹಾಕಿ ಬನ್ನಿ. ಸ್ಕೂಟರಲ್ಲಿ ಮೂರು ಜನ ಆಗಲ್ಲ ಅಂದ್ರೆ ಆ ಕಡೆ ಯಾರಾದ್ರೂ ವಾಪಸ್ ತಿರುಗೋರು ಸಿಗ್ತಾರೆ.” ಅವಳ ಮುಖದಲ್ಲಿ ರೆಕ್ಕೆಯ ಬಿಳುಪು ಬಿದ್ದಿತ್ತು. “ಬನ್ನಿ ರೀ. ನಾನು ಕೂತು ಕೆಲಸ ಮಾಡೋ ಜಾಗ ನೀವೂ ನೋಡಿದ ಹಾಗಾಗುತ್ತೆ.”

ಈ ಮಾತನ್ನು ಅವಳು ಬೆಳಗಿನಿಂದ ಎತ್ತಿಟ್ಟುಕೊಂಡಿದ್ದಳೋ, ಈಗ ತಾನೇ ಬಂತೋ ಅವನಿಗೆ ತಿಳಿಯಲಿಲ್ಲ. ಹೂಂ ಎಂದರೆ ಮುಗಿದಿತ್ತು. ಅವನ ಕಾಲುಗಳು ಹೊರಡಲು ಸಿದ್ಧವಾಗಿಯೇ ಇದ್ದವು. ಆದರೆ ಬಾಯಿ ಕೇಳಿತು:

“ಸಂಜೆ ವಾಪಸ್ ಹೇಗೆ?”

ಅವನ ಬಾಯಿಂದ ಇನ್ನೇನಾದರೂ ಬರುತ್ತದೆಯೇ ಎಂದು ಕಾದಳು.

“ಹಿಂದೆ ಬಸ್ಸಿದೆ,” ಎಂದ ಅವನು. “ನಮ್ಮ ಕಾರು ಅಡ್ಡ ಇದ್ರೆ, ದಾರಿ ಬಿಟ್ಟಾಗ ಎಲ್ಲರಿಗೂ ತೊಂದರೆ ಆಗುತ್ತೆ.”

“ಅದೂ ಸರಿ,” ಎಂದಳು. ಕಾರಿನ ತನಕ ಹೋಗಿ ಹಿಂದಿನ ಸೀಟಿನಿಂದ ಪೆಟ್ಟಿಗೆ ತೆಗೆದುಕೊಂಡು ಬಂದಳು. “ಊಟದ ಹೊತ್ತಿಗೆ ಏನಾದ್ರೂ ತಿನ್ನಿ. ಬ್ರೆಡ್ಡು ಮುಂದಿನ ಚೀಲದಲ್ಲಿದೆ.”

“ಸಂಜೆ ಫೋನ್ ಮಾಡ್ಲಾ?”

“ಮಾಡಿ.”

ಪೆಟ್ಟಿಗೆಯನ್ನು ಎದೆಗವಚಿಕೊಂಡು ಅವಳು ಬಗ್ಗಿದಳು. ಬಿಳಿಯ ಅಂಚಿನ ಕೆಳಗೆ ಮೊದಲು ತಲೆ ಹೋಯಿತು, ಆಮೇಲೆ ಬೆನ್ನು. ಕಾಲುಗಳು ಆ ಕಡೆಯ ಕಾಲುಗಳ ಗುಂಪಿನಲ್ಲಿ ಸೇರಿದವು. ಅಷ್ಟೇ.

ಅವನು ಅಲ್ಲೇ ನಿಂತ. ಬಿಸಿಲೇರಿತು. ಜನರ ಬೆರಗಿಗೆ ಈಗ ಧೈರ್ಯ ಬಂದಿತ್ತು. ಒಬ್ಬೊಬ್ಬರೇ ಹತ್ತಿರ ಹೋಗಿ ರೆಕ್ಕೆಯ ಮೇಲೆ ಅಂಗೈ ಊರುತ್ತಿದ್ದರು, ಬಯಲಿನಲ್ಲಿ ಮಲಗಿದ ದೊಡ್ಡ ಹಸುವನ್ನು ಮುಟ್ಟುವವರ ಹಾಗೆ. ಅವನೂ ಅಂಗೈ ಇಟ್ಟ. ತಣ್ಣಗಿರಬಹುದು ಎಂದುಕೊಂಡಿದ್ದ, ಬೆಚ್ಚಗಿತ್ತು. ಬಯಲಿನ ಗಾಳಿಗೆ ಅದು ಉದ್ದಕ್ಕೂ ಸಣ್ಣಗೆ ಕಂಪಿಸುತ್ತಿತ್ತು. ತಿರುಗಲೆಂದೇ ಹುಟ್ಟಿದ್ದು ಲಾರಿಗೆ ಕಟ್ಟಿಹಾಕಿದ್ದರೂ ಗಾಳಿಯನ್ನು ಗುರುತಿಸುತ್ತಿತ್ತು. ಅವನ ಮೊಣಕೈವರೆಗೆ ಆ ಕಂಪನ ಏರಿತು. ದೇವರೇ, ಎಂದುಕೊಂಡ. ಹಾಗೆ ಅವನು ಅನ್ನುವವನಲ್ಲ.

ಆಗ ಅಂಗೈಯ ಕೆಳಗೆ ಟಕ್ ಟಕ್ ಎಂದಿತು.

ಒಳಗೆ ಟೊಳ್ಳು. ಆ ಕಡೆ ಯಾರೋ ಬೆರಳ ಗಿಣ್ಣಿನಿಂದ ತಟ್ಟಿದ್ದರು. ಗಿಣ್ಣಿನಿಂದ ತಾನೂ ತಟ್ಟಿದ. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟಕ್ ಟಕ್ ಎಂದಿತು, ಅವನ ಅಂಗೈ ಇದ್ದಲ್ಲೇ, ಮೆತ್ತಗೆ, ಗೊತ್ತಿದ್ದವರು ಬಾಗಿಲು ತಟ್ಟುವ ಹಾಗೆ.

ಬಗ್ಗಿದ್ದರೆ ಕಾಣುತ್ತಿತ್ತು. ಆ ಕಡೆ ನಿಂತ ಕಾಲುಗಳು ಯಾರವು ಎಂದು ಅವನಿಗೆ ಥಟ್ಟನೆ ಗೊತ್ತಾಗುತ್ತಿತ್ತು. ಅವಳ ಚಪ್ಪಲಿಯ ಪಟ್ಟಿ ಅವನು ಬಲ್ಲ. ಸೊಂಟ ಒಂದಿಷ್ಟು ಬಾಗಿಸಿದರೆ ಸಾಕು.

ಆ ಕಡೆ ಎಲ್ಲೋ ಒಂದು ಸ್ಕೂಟರು ಶುರುವಾಯಿತು, ನಾದಿನಿಯದೋ ಬೇರೆ ಯಾರದೋ. ಸದ್ದು ತಿರುಗಿತು, ದೂರವಾಯಿತು, ಬಯಲಿನಲ್ಲಿ ಕರಗಿತು.

ಅವನು ನೆಟ್ಟಗೆ ನಿಂತೇ, ಕಿವಿಯನ್ನು ಆ ಬಿಳುಪಿಗೆ ಒತ್ತಿ, ಮತ್ತೊಮ್ಮೆ ತಟ್ಟಿದ. ಒಳಗೆ ಉದ್ದಕ್ಕೂ ಸದ್ದು ಓಡಿತು, ತುದಿಯವರೆಗೆ ಹೋಗಿ ಬಂತು.

ಟಕ್ ಟಕ್, ಎಂದಿತು ಆ ಕಡೆಯಿಂದ.